ಮತ್ತೊಂದು ಅಟೆಂಪ್ಟ್‌ಗೆ ಮುನ್ನ

ಸಿಎ ಪರೀಕ್ಷೆಯಲ್ಲಿ ಎರಡು ಮೂರು ಸಲ ಫೇಲಾದವರಿಗೆ ನಮ್ಮ ಮನೆಗಳಲ್ಲಿ ಸಿಗುವ ಬುದ್ಧಿಮಾತು ಎರಡೇ: ‘ಇನ್ನಷ್ಟು ಕಷ್ಟಪಟ್ಟು ಓದು’, ಇಲ್ಲವೇ ‘ಸಾಕು, ಬಿಟ್ಟುಬಿಡು’. ಎರಡನ್ನೂ ಹೇಳುವವರು ಅಂಕಪಟ್ಟಿಯನ್ನು ಬಿಡಿಸಿ ನೋಡಿರುವುದಿಲ್ಲ. ಪದೇ ಪದೇ ಬರುವ ಸೋಲಿಗೆ ಛಲವೊಂದೇ ಉತ್ತರವಾಗಲಾರದು. ಅದು ಎಂಥ ಸೋಲು ಎಂದು ಮೊದಲು ತಿಳಿಯಬೇಕು. ಇನ್ನೆಷ್ಟು ಕಾಲ ಅದಕ್ಕೆ ಕೊಡಬಹುದೆಂದು ಮುಂಚೆಯೇ ತೀರ್ಮಾನಿಸಿಕೊಳ್ಳಬೇಕು.

ಇಲ್ಲಿ ಸೋಲು ಅಪರೂಪದ ಸಂಗತಿಯೇನಲ್ಲ. 2023ರ ನವೆಂಬರ್ ಫೈನಲ್‌ನಲ್ಲಿ ಎರಡೂ ಗ್ರೂಪ್ ಒಟ್ಟಿಗೆ ಬರೆದವರ ಪೈಕಿ ತೇರ್ಗಡೆಯಾದವರು ಶೇ 9.42. ಹೊಸ ಪಠ್ಯಕ್ರಮದ 2024ರ ಮೇ ಪರೀಕ್ಷೆಯಲ್ಲಿ ಶೇ 19.88. ಉಳಿದವರನ್ನು ದಡ್ಡರೆನ್ನಲು ಬರುವುದಿಲ್ಲ. ಅವರೂ ಇಂಟರ್ ಪಾಸು ಮಾಡಿ, ಆರ್ಟಿಕಲ್‌ಶಿಪ್ ತರಬೇತಿ ಪಡೆದು ಬಂದವರೇ. ನಿಯಮವನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಪ್ರತಿ ಪೇಪರಿನಲ್ಲಿ 40, ಮೂರು ಪೇಪರುಗಳ ಗ್ರೂಪಿನಲ್ಲಿ ಒಟ್ಟು 150 ಬರಬೇಕು. 62, 55, 38 ತೆಗೆದವರು ಒಟ್ಟು 155 ಗಳಿಸಿಯೂ ಫೇಲ್. 48, 49, 50 ತೆಗೆದವರು ಮೂರರಲ್ಲೂ ಕನಿಷ್ಠ ಅಂಕ ದಾಟಿ, ಒಟ್ಟು 147 ಆದದ್ದರಿಂದ ಫೇಲ್. ನೆಂಟರ ಬಾಯಲ್ಲಿ ಇಬ್ಬರ ಕಥೆಯೂ ಒಂದೇ. ಆದರೆ ಮೊದಲನೆಯವರಿಗೆ 60 ದಾಟಿದ ಪೇಪರಿನಲ್ಲಿ ಮುಂದಿನ ಮೂರು ಅಟೆಂಪ್ಟ್‌ವರೆಗೆ ಎಕ್ಸೆಂಪ್ಶನ್ ಇದೆ, ಅದನ್ನು ಮತ್ತೆ ಬರೆಯಬೇಕಿಲ್ಲ. ಅವರು ಕೈಕೊಟ್ಟ ಒಂದು ಪೇಪರಿನ ಮೇಲೆ ಬೀಳಬೇಕು. ಎರಡನೆಯವರಿಗೆ ವಿಷಯ ಗೊತ್ತಿದೆ, ಅಂಕ ತರುವಂತೆ ಬರೆಯುವುದು ಬಂದಿಲ್ಲ. ಇಬ್ಬರಿಗೂ ‘ಇನ್ನಷ್ಟು ಓದು’ ಎನ್ನುವುದು ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ಕೊಟ್ಟಂತೆ.

ಸಿಎ ಪರೀಕ್ಷೆ ನಡೆಸುವ ಸಂಸ್ಥೆಯಲ್ಲಿ ಮರುಮೌಲ್ಯಮಾಪನ ಇಲ್ಲ. ಶುಲ್ಕ ಕಟ್ಟಿದರೆ ಉತ್ತರಪತ್ರಿಕೆಯ ದೃಢೀಕೃತ ಪ್ರತಿ ಸಿಗುತ್ತದೆ. ಅಂಕ ಹೆಚ್ಚಾಗದಿದ್ದ ಮೇಲೆ ತರಿಸಿ ಏನು ಪ್ರಯೋಜನ ಎನ್ನುವವರೇ ಹೆಚ್ಚು. ಪ್ರಯೋಜನ ಇರುವುದು ಮುಂದಿನ ಪರೀಕ್ಷೆಗೆ. ಸಂಸ್ಥೆಯೇ ಪ್ರಕಟಿಸುವ ಮಾದರಿ ಉತ್ತರಗಳ ಪಕ್ಕದಲ್ಲಿಟ್ಟು ಓದಿದರೆ ಎಷ್ಟೋ ಕಾಣಿಸುತ್ತದೆ: ಆಡಿಟ್ ಪೇಪರಿನಲ್ಲಿ ಮಾನದಂಡವನ್ನು ಹೇಳದೆ ನೇರ ನಿರ್ಣಯಕ್ಕೆ ಹಾರಿದ್ದು, ಲೆಕ್ಕ ಸರಿಯಿದ್ದೂ ವರ್ಕಿಂಗ್ ನೋಟ್ಸ್ ಬಿಟ್ಟದ್ದು, ಕೊನೆಯ ಪ್ರಶ್ನೆಗೆ ಹೊತ್ತು ಸಾಲದೆ ಖಾಲಿ ಉಳಿದ ಪುಟಗಳು. ರಾತ್ರಿ ಇನ್ನೆರಡು ಗಂಟೆ ಓದಿದ ಮಾತ್ರಕ್ಕೆ ಆ ಪುಟಗಳು ತುಂಬವು. ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿ ಪೇಪರ್ ಬರೆದು ಅಭ್ಯಾಸ ಮಾಡಿದರೆ ತುಂಬುತ್ತವೆ. 2025ರಲ್ಲಿ ಫೈನಲ್ ಕೂಡ ವರ್ಷಕ್ಕೆ ಮೂರು ಬಾರಿ ನಡೆಯತೊಡಗಿತು. ಕಾಯುವ ಕಾಲ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಹಿಂದಿನ ತಪ್ಪನ್ನು ನೋಡಿಕೊಳ್ಳದೆಯೇ ಮುಂದಿನ ಅರ್ಜಿ ತುಂಬುವ ಅವಸರವೂ ಅದರ ಜೊತೆಗೇ ಬಂದಿದೆ.

ಏಳೆಂಟು ಸಲ ಬರೆದು ಸಿಎ ಆದವರಿಲ್ಲವೇ, ಗಡಿ ಹಾಕಿಕೊಂಡರೆ ಮೊದಲೇ ಸೋಲೊಪ್ಪಿದಂತಲ್ಲವೇ ಎಂಬ ಆಕ್ಷೇಪ ಇದೆ. ಅಂಥವರಿದ್ದಾರೆ, ಅವರ ಸಹನೆ ದೊಡ್ಡದು. ಆದರೆ ಅಭಿನಂದನಾ ಸಮಾರಂಭದಲ್ಲಿ ಕಾಣುವವರು ಗೆದ್ದವರು ಮಾತ್ರ. ಅಷ್ಟೇ ಸಲ ಬರೆದು ಮೂವತ್ತು ದಾಟಿದ ಮೇಲೆ ಕೈಬಿಟ್ಟವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ, ಅವರಿಂದ ನಾವು ಏನನ್ನೂ ಕಲಿಯುವುದಿಲ್ಲ. ಗಡಿಯನ್ನು ಹಾಕಿಕೊಳ್ಳಬೇಕಾದದ್ದು ಫಲಿತಾಂಶದ ದಿನದ ದುಃಖದಲ್ಲಲ್ಲ, ಅರ್ಜಿ ತುಂಬುವ ಮುನ್ನ, ತಲೆ ತಣ್ಣಗಿರುವಾಗ. ಓದುವ ಕ್ರಮ ಬದಲಿಸಿದ ಮೇಲೂ ಎರಡು ಅಟೆಂಪ್ಟ್‌ಗಳಲ್ಲಿ ಅಂಕ ಮೇಲೇರದಿದ್ದರೆ ನಿಲ್ಲಿಸುವುದು ವಿವೇಕ ಎಂದೇ ನನ್ನ ಅಭಿಪ್ರಾಯ. ಅಂಕ ಏರುತ್ತಿದ್ದರೆ ಯಾರು ಏನೆಂದರೂ ಬರೆಯಬೇಕು. ನಿಲ್ಲಿಸಿದವರ ಓದೂ ವ್ಯರ್ಥವಲ್ಲ. ಜಿಎಸ್‌ಟಿ, ಆದಾಯ ತೆರಿಗೆ, ಇಂಟರ್ನಲ್ ಆಡಿಟ್ ಕೆಲಸಗಳಿಗೆ ಇಂಟರ್ ಮುಗಿಸಿ ಆಫೀಸಿನಲ್ಲಿ ಪಳಗಿದವರು ಬೇಕೇ ಬೇಕು.

ಇಷ್ಟೆಲ್ಲ ಯೋಚಿಸಲು ಮನಸ್ಸು ನೆಟ್ಟಗಿರಬೇಕು. ಮದುವೆಮನೆಯಲ್ಲಿ ‘ಸಿಎ ಆಯ್ತಾ?’ ಎಂಬ ಪ್ರಶ್ನೆಗೆ ಹೆದರಿ ಕೋಣೆ ಸೇರುವ ಮಕ್ಕಳಿದ್ದಾರೆ. ತಂದೆ ತಾಯಂದಿರು ದಯವಿಟ್ಟು ಆ ಪ್ರಶ್ನೆಗೆ ತಾವೇ ಅಡ್ಡ ನಿಲ್ಲಲಿ. ಊಟ ನಿದ್ದೆ ಬಿಟ್ಟು ಮಾತು ಕಡಿಮೆ ಮಾಡಿದವರನ್ನು ಪರೀಕ್ಷೆ ಮುಗಿಯಲಿ ಎಂದು ಹಾಗೆಯೇ ಬಿಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.