ಎತ್ತರ ಹೇಳುವ ವಾಚಿಂಗೆ ಮದಾಲು ನಾವು ಎತ್ತರ ಹೇಳೆಕ್ಕು

ಎಂಗಳ ಮನೆಲಿ ಈಗ ಎರಡು ಪಕ್ಷ ಆಯಿದು.

ಒಂದು ಅಣ್ಣನ ಮಗನ ಪಕ್ಷ. ಮಾಣಿಗೆ ಬೆಂಗ್ಳೂರಿಲಿ ಕೆಲಸ. ಶೆನಿವಾರ ಬಂತು ಹೇಳಿರೆ ಬೆನ್ನಿಂಗೆ ಚೀಲ ಏರುಸಿ ಏವದಾದರೊಂದು ಗುಡ್ಡೆಗೆ ಹೆರಡ್ತ. ಅವಂಗೆ ಈಗ ಒಂದು ವಾಚು ಆಯೆಕ್ಕಡ. ಅದು ಎತ್ತರ ತೋರ್ಸೆಕ್ಕು, ದಿಕ್ಕು ತೋರ್ಸೆಕ್ಕು, ಮಳೆ ಬಪ್ಪದರ ಮದಲೇ ಹೇಳೆಕ್ಕು, ನೆತ್ತರಿಲಿ ಆಮ್ಲಜನಕ ಎಷ್ಟಿದ್ದು ಹೇಳಿಯೂ ಹೇಳೆಕ್ಕು. ಕ್ರಯ ಲಕ್ಷದ ಹತ್ತರೆ. ಇನ್ನೊಂದು ಅಣ್ಣನ ಪಕ್ಷ. "ಅಜ್ಜನ ಕಾಲಲ್ಲಿ ಸುಬ್ರಹ್ಮಣ್ಯಂದ ಕುಮಾರ ಪರ್ವತಕ್ಕೆ ಜೆನ ಹತ್ತಿದ್ದವಿಲ್ಲೆಯೋ? ಅವರ ಕೈಲಿ ಏವ ವಾಚಿತ್ತು?" ಹೇಳಿ ಅವನ ಪ್ರಶ್ನೆ.

ಎರಡು ಪಕ್ಷವೂ ತಪ್ಪು ಹೇಳಿ ಎನ್ನ ವಾದ. ಮೂವತ್ತು ವರ್ಷ ಶಾಲೆಲಿ ವಿಜ್ಞಾನ ಪಾಠ ಮಾಡಿದ್ದೆ, ಗೆಂಟು ಬೇನೆ ಸುರು ಅಪ್ಪನ್ನಾರ ಗುಡ್ಡೆಯೂ ಹತ್ತಿದ್ದೆ. ಹಾಂಗಾಗಿ ಅತ್ತೆಗೆ ವಾಚಿನ ವಿಷಯ ಎಂತ ಗೊಂತು ಹೇಳಿ ಆರೂ ನೆಗೆ ಮಾಡೆಡಿ.

ಸುರುವಿಂಗೆ ಮಾಣಿಯ ಪಕ್ಷವ ನೋಡುವೊ.

ವಾಚಿಂಗೆ ಎತ್ತರ ಗೊಂತಿಲ್ಲೆ. ಅದಕ್ಕೆ ಗೊಂತಪ್ಪದು ಗಾಳಿಯ ಒತ್ತಡ ಮಾಂತ್ರ. ನಮ್ಮ ತಲೆಮೇಗೆ ಗಾಳಿಯ ಹೊರೆ ಇದ್ದು, ಗುಡ್ಡೆ ಹತ್ತಿದ ಹಾಂಗೆ ಆ ಹೊರೆ ಕಮ್ಮಿ ಆವ್ತು. ಸಮುದ್ರದ ಹತ್ತರಾಣ ಊರಿಲಿ ಒತ್ತಡ 1 ಹೆಕ್ಟೊಪಾಸ್ಕಲ್ ಇಳುದರೆ, ಸುಮಾರು 8 ಮೀಟರು ಮೇಗೆ ಬಂತು ಹೇಳಿ ವಾಚು ಲೆಕ್ಕ ಹಾಕುತ್ತು. ಆದರೆ ಒತ್ತಡ ಇಳಿಯೆಕ್ಕಾರೆ ಗುಡ್ಡೆಯೇ ಹತ್ತೆಕ್ಕು ಹೇಳಿ ಇಲ್ಲೆ. ಮನೆಲಿ ಕೂದಲ್ಲಿಯೂ ಇಳಿತ್ತು.

ನಮ್ಮದರ ಹಾಂಗಿಪ್ಪ ಉಷ್ಣವಲಯದ ಊರಿಲಿ ಗಾಳಿಗೂ ದಿನಕ್ಕೆ ಎರಡು ಸರ್ತಿ ಭರತ ಇಳಿತ ಇದ್ದು. ಉದಿಯಪ್ಪಗ 10 ಗಂಟೆ ಹೊತ್ತಿಂಗೆ ಒತ್ತಡ ಏರಿರ್ತು, ಹೊತ್ತೋಪಗ 4 ಗಂಟೆ ಹೊತ್ತಿಂಗೆ ಇಳುದಿರ್ತು. ಇರುಳು 10ಕ್ಕೆ ಪುನಾ ಏರಿ, ಬೆಳಗಪ್ಪ ಮದಲು ಪುನಾ ಇಳಿತ್ತು. ವ್ಯತ್ಯಾಸ ಸಾಧಾರಣ 3 ಹೆಕ್ಟೊಪಾಸ್ಕಲ್. ಹೇಳಿರೆ, ಜಿಪಿಎಸ್ ನಿಲ್ಸಿದ ಆ ವಾಚಿನ 10 ಗಂಟೆಗೆ ಜಗಲಿಲಿ ಮಡುಗಿ, 4 ಗಂಟೆಗೆ ಚಾಯ ಕುಡಿವಲೆ ಬಂದು ನೋಡಿರೆ, ಅದು ಇದ್ದಲ್ಲಿಂದಲೇ 25 ಮೀಟರು ಗುಡ್ಡೆ ಹತ್ತಿಕ್ಕು! ವಾಯುಭಾರ ಕುಸಿತ ಬಂದು ಒತ್ತಡ 10 ಹೆಕ್ಟೊಪಾಸ್ಕಲ್ ಇಳುದ ದಿನ 80 ಮೀಟರು ಹತ್ತುಗು.

ಇದು ಹೊಸ ಸಂಗತಿ ಅಲ್ಲ. 1648ರಲ್ಲಿ ಫ್ರಾನ್ಸಿನ ಪ್ಯಾಸ್ಕಲ್, ತನ್ನ ಅಕ್ಕನ ಗೆಂಡ ಪೆರಿಯೆ ಹೇಳ್ತ ಭಾವನ ಹತ್ತರೆ ಪಾದರಸದ ಕೊಳವೆಯ ಪ್ಯೂಯ್ ದ ಡೋಮ್ ಹೇಳ್ತ ಗುಡ್ಡೆಯ ಕೊಡಿಗೆ ಹೊರುಸಿದ. ಕೊಡಿಲಿ ನೋಡುವಗ ಪಾದರಸ 8 ಸೆಂಟಿಮೀಟರಿನಷ್ಟು ಇಳುದಿತ್ತು. ಈಗ ಎತ್ತರ ತೋರ್ಸುವ ವಾಚುಗೊಕ್ಕೆಲ್ಲ ಆ ಕೊಳವೆಯೇ ಅಜ್ಜ. ಆದರೆ ಆ ಭಾವ ಇನ್ನೊಂದು ಕೆಲಸವೂ ಮಾಡಿದ್ದ. ಅಂತದೇ ಇನ್ನೊಂದು ಕೊಳವೆಯ ಕೆಳ ಊರಿಲಿ ಮಡುಗಿ, ಇಡೀ ದಿನ ಅದರ ನೋಡಿಗೊಂಬಲೆ ಒಬ್ಬ ಪಾದ್ರಿಯ ಕೂರ್ಸಿತ್ತಿದ್ದ. ಗಾಳಿ ತನ್ನಷ್ಟಕ್ಕೇ ಬದಲಿತ್ತೋ ಹೇಳಿ ಗೊಂತಾಯೆಕ್ಕನ್ನೆ? ಮುನ್ನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದಾಣ ಆ ಎಚ್ಚರಿಕೆ ಈಗ ಲಕ್ಷ ಕೊಟ್ಟು ವಾಚು ತೆಕ್ಕೊಂಬವಕ್ಕೆ ಇಲ್ಲೆ. ಹೆರಡುವಗ ಬುಡದ ಎತ್ತರವ ಕೈಯಾರೆ ವಾಚಿಂಗೆ ಹೇಳಿ ಕೊಡ್ತವು ಎಷ್ಟು ಜೆನ ಇದ್ದವು?

ಎರಡನೇದು ಸೆಕೆ. ಸಮುದ್ರಮಟ್ಟಲ್ಲಿ 15 ಡಿಗ್ರಿ ಇಕ್ಕು, 1000 ಮೀಟರು ಹತ್ತಿರೆ ಆರೂವರೆ ಡಿಗ್ರಿ ಕಮ್ಮಿ ಅಕ್ಕು ಹೇಳಿ ವಾಚಿನ ಒಳ ಒಂದು ಲೆಕ್ಕ ಬರದು ಮಡಗಿದ್ದು. ಕುಕ್ಕೆಲಿ 15 ಡಿಗ್ರಿ ನಿಂಗೊ ಯೇವಾಗ ಕಂಡಿದಿ? ಸೆಕೆಗೆ ಗಾಳಿ ಹಿಗ್ಗುತ್ತು. ಹಿಗ್ಗಿದ ಗಾಳಿಲಿ ಒಂದು ಹೆಕ್ಟೊಪಾಸ್ಕಲ್ ಇಳಿಯೆಕ್ಕಾರೆ ಹೆಚ್ಚು ಹತ್ತೆಕ್ಕು. ಕುಮಾರ ಪರ್ವತದ ಕೊಡಿ 1712 ಮೀಟರು. ಕುಕ್ಕೆ ಪೇಟೆಂದ ಹೆರಟರೆ 1500 ಮೀಟರಿಂದ ಹೆಚ್ಚೇ ಏರು. ಬೆಶಿಲಿನ ದಿನ, ಬುಡಲ್ಲಿ ಸರಿ ಮಾಡಿಗೊಂಡೇ ಹೆರಟರೂ, ಕೊಡಿಗೆ ಎತ್ತುವಗ ಸಾದಾ ಲೆಕ್ಕದ ವಾಚು 80 ಮೀಟರಿನಷ್ಟು ಕಮ್ಮಿ ತೋರ್ಸುಗು. ಅದು ವಾಚು ಹಾಳಾದ್ದಲ್ಲ. ಅದರ ಲೆಕ್ಕ ನಮ್ಮ ಊರಿಂದ ಅಲ್ಲ, ಅಷ್ಟೆ. ಅದಕ್ಕೆ ಮದ್ದು, ದಾರಿಲಿ ಎತ್ತರ ಗೊಂತಿಪ್ಪ ಜಾಗೆಗೊ ಸಿಕ್ಕಿದಲ್ಲೆಲ್ಲ ಪುನಾ ಸರಿಮಾಡಿಗೊಂಬದು.

"ಅತ್ತೇ, ಅದಕ್ಕೇ ಅಲ್ಲದೋ ಜಿಪಿಎಸ್ ಇಪ್ಪದು? ಅದುವೇ ಎಲ್ಲ ಸರಿ ಮಾಡ್ತು, ನಿಂಗೊ ಹೆದರೆಡಿ" ಹೇಳ್ತ ಮಾಣಿ. ರಜ್ಜ ಸರಿ, ಒಪ್ಪುತ್ತೆ. ಬಯಲಿಲಿ, ಆಕಾಶ ಲಾಯ್ಕ ಕಾಂಬಲ್ಲಿ ಒಳ್ಳೆ ವಾಚುಗೊ ತನ್ನಷ್ಟಕ್ಕೆ ತಿದ್ದಿಗೊಳ್ತು. ಆದರೆ ಉಪಗ್ರಹಂದ ಸಿಕ್ಕುವ ಎತ್ತರ, ಅದರಿಂದ ಸಿಕ್ಕುವ ಜಾಗೆಯಷ್ಟು ನಿಖರ ಅಲ್ಲ. ಉಪಗ್ರಹಂಗೊ ಎಲ್ಲವೂ ತಲೆಮೇಗೇ ಇಪ್ಪದು, ಕಾಲಡಿಲಿ ಒಂದೂ ಇಲ್ಲೆ. ಘಟ್ಟದ ಕಾಡಿನ ಮರಂಗಳ ಅಡಿಲಿ, ಕಣಿವೆಲಿ ತಪ್ಪು ಇನ್ನೂ ಹೆಚ್ಚು.

ಅದಲ್ಲದ್ದೆ ಉಪಗ್ರಹ ಅಳವದು ಸಮುದ್ರಮಟ್ಟಂದ ಅಲ್ಲ, ನಯವಾದ ಒಂದು ಲೆಕ್ಕದ ಗೋಳಂದ. ಹಿಂದೂ ಮಹಾಸಾಗರದ ಈ ಭಾಗಲ್ಲಿ ಗುರುತ್ವ ಕಮ್ಮಿ, ಹಾಂಗಾಗಿ ಸಮುದ್ರವೇ ಆ ಗೋಳಂದ ಕೆಳ ಇದ್ದು. ಶ್ರೀಲಂಕಾದ ತೆಂಕ ಹೊಡೆಲಿ 100 ಮೀಟರಿಂದ ಹೆಚ್ಚು, ನಮ್ಮ ಕರಾವಳಿಲಿ 80 ಮೀಟರಿಂದ ಹೆಚ್ಚು. ಇದರ ತಿದ್ದಿಗೊಳ್ಳದ್ದ ಆಪ್ ಒಂದರ ಹಿಡ್ಕೊಂಡು ಪಣಂಬೂರಿನ ಹೊಯಿಗೆಲಿ ನಿಂದರೆ, ನಿಂಗೊ ಸಮುದ್ರದ ಅಡಿಲಿ ಇದ್ದಿ ಹೇಳಿ ಅದು ಹೇಳುಗು! ವಾಚು ತಯಾರು ಮಾಡ್ತವಕ್ಕೆ ಇದು ಗೊಂತಿದ್ದು, ಅವು ತಿದ್ದುತ್ತವು. ಆದರೆ ಯೇವಾಗ ತಿದ್ದಿತ್ತು, ಎಂತರ ನೋಡಿ ತಿದ್ದಿತ್ತು ಹೇಳಿ ಕೈಗೆ ಕಟ್ಟಿಗೊಂಡವಂಗೆ ಗೊಂತಾವ್ತಿಲ್ಲೆ. ಗೊಂತಿಲ್ಲದ್ದ ಅಂಕೆಯ ನಂಬಿ ಗುಡ್ಡೆಲಿ ನೆಡವದು ಹೇಂಗೆ?

80 ಮೀಟರು ತಪ್ಪಿರೆ ಎಂತಾವ್ತು, ಗುಡ್ಡೆ ಅಲ್ಲಿಯೇ ಇರ್ತನ್ನೆ ಹೇಳಿ ಕೇಳುವವು ಇದ್ದವು. ಫೊಟೋಂದ ಅಡಿಲಿ ಬರವಲೆ ಮಾಂತ್ರ ಎತ್ತರ ಬೇಕಾದವಕ್ಕೆ ಎಂತದೂ ಆವ್ತಿಲ್ಲೆ. ಆದರೆ ಶೇಷಪರ್ವತಲ್ಲಿ ಮಂಜು ಮುಸ್ಕಿ, ಹತ್ತು ಮಾರು ದೂರ ಕಾಣದ್ದೆ ಅಪ್ಪ ಹೊತ್ತಿಂಗೆ ಆ ಅಂಕೆಯೇ ಕಣ್ಣು. ದಾರಿ ನಕ್ಷೆಲಿ ಒಂದು ಗೆರೆ, ಎತ್ತರ ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ನಿಂಗೊ ಇದ್ದಿ. ಸರ್ವೇ ಇಲಾಖೆಯ ಐವತ್ತು ಸಾವಿರಕ್ಕೊಂದು ಅಳತೆಯ ನಕ್ಷೆಲಿ ಎತ್ತರದ ಗೆರೆಗೊ 20 ಮೀಟರಿಂಗೆ ಒಂದು. 80 ಮೀಟರು ತಪ್ಪಿತ್ತು ಹೇಳಿರೆ ನಾಲ್ಕು ಗೆರೆ ತಪ್ಪಿತ್ತು. ಏಣಿನ ಮೇಗಂದ ನಾಲ್ಕು ಗೆರೆ ಮದಲೇ ಕರೆಂಗೆ ತಿರುಗಿರೆ, ಇಳಿವದು ಊರಿಂಗೆ ಅಲ್ಲ, ಕಾಡಿಂಗೆ. ಕಸ್ತಲೆ ಆದ ಮತ್ತೆ ಹುಡುಕ್ಕುಲೆ ಹೋಯೆಕ್ಕಪ್ಪದು ಆ ಊರಿನ ಬಡಪಾಯಿಗೊ, ಟಾರ್ಚು ಹಿಡ್ಕೊಂಡು.

ಇನ್ನು ಅಣ್ಣನ ಪಕ್ಷ. ಅಜ್ಜಂಗೆ ವಾಚು ಬೇಡದ್ದು ಅಜ್ಜಂಗೆ ಗುಡ್ಡೆ ಗೊಂತಿದ್ದ ಕಾರಣ. ಏವ ತೋಡು ಎಲ್ಲಿಗೆ ಹೋವ್ತು, ಏವ ಹೊಡೆಂದ ಗಾಳಿ ಬಂದರೆ ಮಂಜು ಏರುಗು ಹೇಳಿ ಅವಕ್ಕೆ ಗೊಂತಿತ್ತು. ಅವು ಒಬ್ಬೊಬ್ಬನೇ ಹೋಪ ಜೆನವೂ ಅಲ್ಲ. ಮಾಣಿ ಶುಕ್ರವಾರ ಇರುಳು ಬಸ್ಸು ಹತ್ತಿ, ಶೆನಿವಾರ ಉದಿಯಪ್ಪಗ ಕಂಡು ಗೊಂತಿಲ್ಲದ್ದ ಗುಡ್ಡೆಯ ಬುಡಲ್ಲಿ ಇಳಿತ್ತ. ಅವನ ಹತ್ತರೆ "ಅಜ್ಜನ ಹಾಂಗೆ ಹೋಗು" ಹೇಳುದು, ಈಜುಲೆ ಅರಡಿಯದ್ದವನ ಹೊಳೆಗೆ ನೂಕಿ "ಮೀನಿಂಗೆ ಆರು ಕಲಿಶಿದ್ದು" ಹೇಳಿ ಕೇಳಿದ ಹಾಂಗೆ. ಅವಂಗೆ ವಾಚು ಬೇಕು. ಆದರೆ ಅವ ತೋರ್ಸುವ ವಾಚು ಅಲ್ಲ.

ಎತ್ತರದ ವಾಚಿನ ದೊಡ್ಡ ಉಪಕಾರ ಏವದು ಹೇಳಿರೆ, ಗಂಟೆಗೆ ಎಷ್ಟು ಮೀಟರು ಹತ್ತುತ್ತಾ ಇದ್ದು ಹೇಳಿ ಗೊಂತಪ್ಪದು. 1892ರಲ್ಲಿ ನೇಸ್ಮಿತ್ ಹೇಳ್ತ ಸ್ಕಾಟ್ಲೆಂಡಿನವ ಒಂದು ಲೆಕ್ಕ ಕೊಟ್ಟಿದ: ಸುಮಾರು 5 ಕಿಲೋಮೀಟರು ನೆಡವಲೆ ಒಂದು ಗಂಟೆ, ಅದರ ಮೇಗಂದ ಪ್ರತಿ 600 ಮೀಟರು ಏರಿಂಗೆ ಇನ್ನೊಂದು ಗಂಟೆ. ಅದು ಗಟ್ಟಿಗರ ಲೆಕ್ಕ. ನಮ್ಮ ಲೆಕ್ಕ ಹೀಂಗೆ ಮಡಿಕ್ಕೊಂಬೊ: ಕುಕ್ಕೆಂದ ಉದಿಯಪ್ಪಗ 6ಕ್ಕೆ ಹೆರಟು, 11 ಗಂಟೆಗೆ 800 ಮೀಟರು ಹತ್ತಿ ಆತು. ಒಳುದ್ದು ಇನ್ನೂ 800ರ ಹತ್ತರೆ. ಇದೇ ನೆಡಿಗೆಲಿ ಕೊಡಿಗೆ ಎತ್ತುವಗ ಗಂಟೆ 4. ಸೂರ್ಯ ಮುಳುಗುದು 6ರ ಆಸುಪಾಸಿಲಿ. ಇಡೀ ಗುಡ್ಡೆ ಇಳಿವಲೆ ಎರಡು ಗಂಟೆ ಸಾಕಾಗ. ಅಂಬಗ ತಿರುಗಿ ಬಪ್ಪ ತೀರ್ಮಾನ 11 ಗಂಟೆಗೇ ಮಾಡೆಕ್ಕು, 4 ಗಂಟೆಗೆ ಅಲ್ಲ. ಈ ಲೆಕ್ಕಕ್ಕೆ 30-40 ಮೀಟರು ಅತ್ತಿತ್ತೆ ಆದರೆ ತೊಂದರೆ ಇಲ್ಲೆ, ಲಕ್ಷದ ವಾಚೂ ಬೇಡ.

ಹಾಂಗಾರೆ ಎಂತರ ನೋಡಿ ತೆಕ್ಕೊಳ್ಳೆಕ್ಕು?

ಗಾಳಿ ಒತ್ತಡ ಅಳವ ಸೆನ್ಸರ್ ಇರೆಕ್ಕು. ಬರೀ ಜಿಪಿಎಸ್ಸಿಲಿ ಎತ್ತರ ಹೇಳ್ತದು ಬೇಡ. ಎತ್ತರವ ಕೈಯಾರೆ ಸರಿಮಾಡುವ ಕೆಲಸ ಎರಡು ಮೂರು ಒತ್ತಿಲಿ ಮುಗಿಯೆಕ್ಕು. ಅಂಗಡಿಲಿಯೇ ಮಾಡಿ ನೋಡಿ. ಅಂಗಡಿಯವಂಗೇ ಅರಡಿಯದ್ದರೆ ಆ ವಾಚಿನ ಅಲ್ಲಿಯೇ ಮಡುಗಿ. ಒತ್ತುಲೆ ಗುಬ್ಬಿ ಇರೆಕ್ಕು. ಚೆಂಡಿ ಬೆರಳಿಂಗೆ, ಮಳೆಗೆ ಮುಟ್ಟುವ ಪರದೆ ಹೇಳಿದ ಹಾಂಗೆ ಕೇಳ್ತಿಲ್ಲೆ. ಬೆಟ್ರಿ ದಿನಕ್ಕೊಂದರಿ ಚಾರ್ಜು ಕೇಳುವದು ಆಗ. ಕ್ಯಾಸಿಯೋದ ಪ್ರೋ ಟ್ರೆಕ್ಕಿಲಿ ಬೆಶಿಲಿಂದ ಓಡುವದು ಇದ್ದು. ಸುಂಟೋ ಕೋರಿನ ಗುಂಡು ಬೆಟ್ರಿಯ ಒಂದು ನಾಣ್ಯಲ್ಲಿ ಮುಚ್ಚಲು ತಿರುಗಿಸಿ ನಾವೇ ಬದಲ್ಸುಲಕ್ಕು. ಕೂದಿಪ್ಪಗ ಎತ್ತರವ ಕಟ್ಟಿ ಹಾಕಿ ಒತ್ತಡ ಮಾಂತ್ರ ನೋಡುವ ಏರ್ಪಾಡು ಇದ್ದರೆ ಇನ್ನೂ ಲಾಯ್ಕ. ಮತ್ತೆ, ಕನ್ನಡ್ಕ ಇಲ್ಲದ್ದೆ ಓದುಲೆ ಎಡಿಗಪ್ಪಷ್ಟು ದೊಡ್ಡ ಅಂಕೆ. 1 ಮೀಟರು ಲೆಕ್ಕಲ್ಲಿ ತೋರ್ಸುತ್ತು ಹೇಳಿರೆ 1 ಮೀಟರಿಂಗೆ ಸರಿ ಹೇಳಿ ಅರ್ಥ ಅಲ್ಲ. ಅದು ಅಕ್ಷರ ಚೆಂದ ಇದ್ದು ಹೇಳಿ ಉತ್ತರ ಸರಿ ಹೇಳಿದ ಹಾಂಗೆ. ಇಷ್ಟಿಪ್ಪ ವಾಚು ಮಾಣಿ ಹೇಳುವ ಕ್ರಯದ ಕಾಲು ಪಾಲಿಂಗೆ ಸಿಕ್ಕುತ್ತು. ಒಳುದ ಪೈಸೆಲಿ ಒಳ್ಳೆ ಮೆಟ್ಟು, ಮಳೆ ಅಂಗಿ, ತಲೆಗೆ ಕಟ್ಟುವ ಟಾರ್ಚು ತೆಗವಲಕ್ಕು.

ಬಿರುಗಾಳಿ ಮುನ್ಸೂಚನೆಗೆ ಪೈಸೆ ಕೊಡೆಡಿ. ದೂರಂದ ನಿಧಾನಕ್ಕೆ ಬಪ್ಪ ದೊಡ್ಡ ಗಾಳಿಮಳೆಯ ಅದು ಹಿಡಿಗು. ಎಪ್ರಿಲ್-ಮೇಲಿ ಘಟ್ಟಲ್ಲಿ ಮಧ್ಯಾಹ್ನ ಮೇಗೆ ಎದ್ದು ಬಪ್ಪ ಗುಡುಗು ಸೆಡ್ಲಿನ ಮಳೆಗೆ ಆಕಾಶ ನೋಡುದೇ ಒಳ್ಳೆದು.

ನೆತ್ತರಿನ ಆಮ್ಲಜನಕದ ವಿಷಯ ಮಾಂತ್ರ ಆನು ಗಟ್ಟಿಯಾಗಿ ಹೇಳ್ತೆ, ಮಾಣಿ ಬಪ್ಪ ವರ್ಷ ಹಿಮಾಲಯಕ್ಕೆ ಹೆರಟಿದ. 3000 ಮೀಟರಿಂದ ಮೇಗೆ ಇರುಳು ಒರಗುವ ಜಾಗೆಯ ದಿನಕ್ಕೆ 500 ಮೀಟರಿಂದ ಹೆಚ್ಚು ಏರ್ಸುಲಾಗ, ಮೂರು ನಾಲ್ಕು ದಿನಕ್ಕೊಂದರಿ ಒಂದು ದಿನ ನಿಲ್ಲೆಕ್ಕು ಹೇಳಿ ವೈದ್ಯರ ಕ್ರಮ ಇದ್ದು. ಅದರ ಪಾಲ್ಸುಲೆ ಎತ್ತರದ ವಾಚು ಭಾರೀ ಉಪಕಾರ. ಆದರೆ ತಲೆಬೇನೆ ಬಂದು, ವಾಂತಿ ಅಪ್ಪಲೆ ಸುರುವಾಗಿ, ನೆಡವಗ ಕಾಲು ತಪ್ಪುತ್ತರೆ, ಕೈಲಿಪ್ಪ ಅಂಕೆ ಎಷ್ಟೇ ಚೆಂದ ಇರಳಿ, ಕೆಳ ಇಳಿಯೆಕ್ಕು. ವಾಚು ಮಾಡ್ತ ಕಂಪೆನಿಗಳೇ ಆ ಅಂಕೆ ವೈದ್ಯಕೀಯಕ್ಕೆ ಅಲ್ಲ ಹೇಳಿ ಸಣ್ಣ ಅಕ್ಷರಲ್ಲಿ ಬರೆತ್ತವು. ಜಾಹೀರಾತಿನ ದೊಡ್ಡ ಅಕ್ಷರವ ಓದುವ ಮಾಣಿಯಂಗೊ ಆ ಸಣ್ಣದರ ಓದುತ್ತವಿಲ್ಲೆ.

ವಾಚು ಏವದೇ ಬರಳಿ, ಒಂದು ವಾರ ಅದು ಜಗಲಿಲಿ ಇರಳಿ. ದಿನಾಗುಳೂ 10ಕ್ಕೆ ಒಂದರಿ, 4ಕ್ಕೆ ಒಂದರಿ ಅಂಕೆಯ ಕ್ಯಾಲೆಂಡರಿಲಿ ಬರೆಯೆಕ್ಕು. ಅದು ಎಷ್ಟು ಅತ್ತಿತ್ತೆ ಹೋವ್ತು ಹೇಳಿ ಕಂಡವಂಗೆ ಮಾಂತ್ರ ಗುಡ್ಡೆಲಿ ಅದರ ಎಷ್ಟು ನಂಬುಲಕ್ಕು ಹೇಳಿ ಗೊಂತಕ್ಕು. ಇಷ್ಟು ಮಾಡ್ಲೆ ಉದಾಸೀನ ಇದ್ದರೆ ವಾಚು ತೆಗವದೇ ಬೇಡ. ಆ ಗುಡ್ಡೆ ಗೊಂತಿಪ್ಪ ಊರಿನವು ಒಬ್ಬನ ಒಟ್ಟಿಂಗೆ ಕರಕ್ಕೊಂಡು ಹೋಗಿ, ಅವಂಗೆ ಸರಿಯಾಗಿ ಸಂಬಳ ಕೊಡಿ. ಅಜ್ಜನ ಕಾಲದ ಪದ್ಧತಿಯೂ ಒಳಿಗು, ಮಾಣಿಯೂ ಮನೆಗೆ ಬಕ್ಕು.