‘ಬೇಡ’ ಎನ್ನುವ ಮೊದಲು



ಗಾಂಧಿನಗರದ ಬಸ್ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಹೋಗುವ ಸುರಂಗ ಮಾರ್ಗದ ಮೆಟ್ಟಿಲಲ್ಲಿ ಮೊನ್ನೆ ಒಬ್ಬ ತರುಣಿಯನ್ನು ಕಂಡೆ. ಆಕೆಯ ಒಂದು ಕಾಲು ಕೃತಕ. ‘ಅಯ್ಯೋ ಪಾಪ’ ಎಂದು ಓಡಿ ಹೋಗಿ ತೋಳು ಹಿಡಿದೆ. “ಬೇಡ ಆಪಾ, ನೀವು ಹಿಡಿದರೆ ನನಗೆ ಆಯ ತಪ್ಪುತ್ತದೆ” ಎಂದಳು. ನನಗೆ ನಾಚಿಕೆಯಾಯಿತು. ಆಕೆಯನ್ನು ಒಂದು ಮಾತು ಕೇಳಬೇಕೆಂದು ನನಗೆ ತೋಚಿರಲೇ ಇಲ್ಲ.

ಚೀನಾದ ಶಿಯಾ ಬೊಯು ಎಂಬವರ ಕಥೆ ಕೇಳಿ. 1975ರಲ್ಲಿ ಅವರು ಎವರೆಸ್ಟ್ ಏರಲು ಹೊರಟ ತಂಡದಲ್ಲಿದ್ದರು. ಶಿಖರ ಸಿಗದೆ ಹಿಂದಿರುಗುವಾಗ, ಅಸ್ವಸ್ಥನಾಗಿದ್ದ ಸಂಗಡಿಗನಿಗೆ ತಮ್ಮ ಮಲಗುವ ಚೀಲವನ್ನೇ ಕೊಟ್ಟುಬಿಟ್ಟರು. ಕಡುಚಳಿಯಲ್ಲಿ ದೇಹವು ಹೃದಯ, ಮೆದುಳನ್ನು ಕಾಪಾಡಲು ಕೈಕಾಲುಗಳ ರಕ್ತನಾಳಗಳನ್ನು ಕುಗ್ಗಿಸುತ್ತದೆ. ರಕ್ತ ತಲುಪದ ಮಾಂಸ ಹೆಪ್ಪುಗಟ್ಟಿ ಸಾಯುತ್ತದೆ. ಹಾಗೆ ಅವರು ಎರಡೂ ಪಾದಗಳನ್ನು ಕಳಕೊಂಡರು. 1996ರಲ್ಲಿ ಕ್ಯಾನ್ಸರ್‌ನಿಂದಾಗಿ ಮೊಣಕಾಲಿನ ಕೆಳಭಾಗವನ್ನೂ ಕತ್ತರಿಸಬೇಕಾಯಿತು.

ಆದರೂ ಕೃತಕ ಕಾಲುಗಳಲ್ಲಿ ಮತ್ತೆ ಹೊರಟರು. 2014ರಲ್ಲಿ ಹಿಮಪಾತ, 2015ರಲ್ಲಿ ಭೂಕಂಪ, 2016ರಲ್ಲಿ ಶಿಖರದ ಸಮೀಪವೇ ಬಿರುಗಾಳಿ ತಡೆಯಿತು. 2017ರ ಕೊನೆಯಲ್ಲಿ ತಡೆದದ್ದು ಮನುಷ್ಯರು. ಎರಡೂ ಕಾಲಿಲ್ಲದವರು ಮತ್ತು ಅಂಧರು ಪರ್ವತವೇರಬಾರದೆಂದು ನೇಪಾಳ ಸರಕಾರ ನಿಯಮ ಮಾಡಿತು. 2018ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಅದೇ ವರ್ಷ ಮೇ 14ರಂದು, ತಮ್ಮ 69ರ ಪ್ರಾಯದಲ್ಲಿ, ಅವರು ಎವರೆಸ್ಟ್ ಮೇಲೆ ನಿಂತರು. ಎರಡೂ ಕಾಲಿಲ್ಲದೆ ಅಲ್ಲಿಗೇರಿದ ಮೊದಲಿಗರು ನ್ಯೂಝಿಲೆಂಡ್‌ನ ಮಾರ್ಕ್ ಇಂಗ್ಲಿಸ್, 2006ರಲ್ಲಿ.

ತನಗೆ ಅಗತ್ಯವಿರುವುದನ್ನೇ ಇತರರಿಗೆ ಕೊಡುವುದನ್ನು ನಾವು ಈಸಾರ್ ಎನ್ನುತ್ತೇವೆ. ಆ ಮಲಗುವ ಚೀಲ ಕೊಟ್ಟದ್ದು ಅಂಥದೇ ಗುಣ. ಇನ್ನು ‘ನಿನ್ನಿಂದಾಗದು’ ಎನ್ನುವ ವಿಷಯ. ಅಂಧರಾಗಿದ್ದ ಇಬ್ನು ಉಮ್ಮು ಮಕ್ತೂಮ್‌(ರ)ರನ್ನು ಪ್ರವಾದಿವರ್ಯರು(ಸ) ಅಝಾನ್ ಕೊಡಲು ನೇಮಿಸಿದ್ದರು. ತಾವು ಯಾತ್ರೆ ಹೊರಟಾಗ ಮದೀನಾದ ಹೊಣೆಯನ್ನೂ ಅವರಿಗೆ ವಹಿಸಿದ್ದುಂಟು. ‘ಪಾಪ, ಕಣ್ಣಿಲ್ಲ’ ಎಂದು ಮೂಲೆಯಲ್ಲಿ ಕೂರಿಸಲಿಲ್ಲ.

ನಮ್ಮ ಮನೆಗಳಲ್ಲಿ? ಸಕ್ಕರೆ ಕಾಯಿಲೆಯಿಂದ ಕಾಲು ಕಳಕೊಂಡ ಅತ್ತೆಗೆ ಅಡುಗೆಮನೆ ಬೇಡ, ಅಪಘಾತದಲ್ಲಿ ಕಾಲು ಹೋದ ಮಗಳಿಗೆ ಕಾಲೇಜು ಬೇಡ, ಮದುವೆಯ ಮಾತಂತೂ ಬೇಡವೇ ಬೇಡ. ಪ್ರೀತಿಯಿಂದಲೇ ಹೇಳುತ್ತೇವೆ, ನಿಜ. ಆದರೆ ಅವರನ್ನು ಕೇಳಿದ್ದೇವೆಯೇ? ಧರ್ಮವು ಹೊರೆ ಇಳಿಸಿದೆ: ಹರಡಿನ ಮೇಲೆ ಕಾಲು ಕತ್ತರಿಸಿದವರಿಗೆ ವುಝೂವಿನಲ್ಲಿ ಆ ಕಾಲು ತೊಳೆಯುವ ಕಡ್ಡಾಯವಿಲ್ಲ, ನಿಲ್ಲಲಾಗದವರು ಕೂತು ನಮಾಝ್ ಮಾಡಬಹುದು. ಆದರೆ ನಮಾಝನ್ನೇ ಬಿಡು ಎನ್ನಲಿಲ್ಲ. ರಿಯಾಯಿತಿ ಬೇರೆ, ಬದುಕಿನಿಂದ ಹೊರಗಿಡುವುದು ಬೇರೆ.

ಎಲ್ಲರೂ ಎವರೆಸ್ಟ್ ಏರಬೇಕಿಲ್ಲ ಸಹೋದರಿಯರೇ. ಮನೆಯ ಮೆಟ್ಟಿಲು ಸಾಕು. ಆದರೆ ಹಿಡಿಯಲು ಕೈ ಚಾಚುವ ಮೊದಲು, ‘ಬೇಡ’ ಎನ್ನುವ ಮೊದಲು, “ನಿನಗೇನು ಬೇಕು?” ಎಂದು ಒಮ್ಮೆ ಕೇಳೋಣ.