ಸಾಲ್ಟನ್ ಸರೋವರ ತಾನಾಗಿ ಬತ್ತುತ್ತಿಲ್ಲ

ದಕ್ಷಿಣ ಕ್ಯಾಲಿಫೋರ್ನಿಯಾದ ಸಾಲ್ಟನ್ ಸರೋವರದ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ: ಅದು ಆಕಸ್ಮಿಕವಾಗಿ ಹುಟ್ಟಿದ ನೀರು, ಬತ್ತಿದರೆ ದುಃಖಿಸುವುದೇಕೆ? 1905ರಲ್ಲಿ ಕೊಲರಾಡೊ ನದಿ ನೀರಾವರಿ ಕಾಲುವೆಯ ತೂಬನ್ನು ಮೀರಿ, ಸಮುದ್ರಮಟ್ಟಕ್ಕಿಂತ ಕೆಳಗಿರುವ ಮರುಭೂಮಿಯ ತಗ್ಗಿಗೆ ನುಗ್ಗಿತು. 1907ರಲ್ಲಿ ಒಡಕನ್ನು ಮುಚ್ಚುವಷ್ಟರಲ್ಲಿ ಸರೋವರ ನಿಂತಿತ್ತು. ಹುಟ್ಟು ಆಕಸ್ಮಿಕವೆಂಬುದು ನಿಜ. ಸಾವು ಮಾತ್ರ ಆಕಸ್ಮಿಕವಲ್ಲ. ಅದಕ್ಕೆ ಸಹಿ ಬಿದ್ದಿದೆ.

ಹೊರಹರಿವಿಲ್ಲದ ಈ ಸರೋವರ ಬಹುಮಟ್ಟಿಗೆ ಇಂಪೀರಿಯಲ್ ಕಣಿವೆಯ ಹೊಲಗಳಿಂದ ಬಸಿದುಬರುವ ನೀರನ್ನೇ ನಂಬಿತ್ತು. 2003ರ ಒಪ್ಪಂದದಂತೆ ಕಣಿವೆಯ ಪಾಲಿನ ಒಂದಂಶ ಸ್ಯಾನ್ ಡಿಯಾಗೊ ನಗರದತ್ತ ತಿರುಗಿತು. ಸರೋವರಕ್ಕೆ ಪರಿಹಾರವೆಂದು ಬಿಡುತ್ತಿದ್ದ ನೀರು 2017ರ ಕೊನೆಗೆ ನಿಂತಿತು. ಪುನಶ್ಚೇತನದ ಹೊಣೆ ಹೊತ್ತಿದ್ದ ರಾಜ್ಯ ಸರ್ಕಾರ ಆ ವರ್ಷಗಳನ್ನು ಹೆಚ್ಚಾಗಿ ಯೋಜನೆ ಬರೆಯುವುದರಲ್ಲೇ ಕಳೆಯಿತು.

ಇದೇ ಸರ್ಕಾರ 1955ರಲ್ಲಿ ಇಲ್ಲಿನ ದಡದಲ್ಲಿ ವಿಹಾರಧಾಮ ತೆರೆದು, ಮೀನು ಹಿಡಿಯಲು, ದೋಣಿ ಓಡಿಸಲು ಜನರನ್ನು ಕರೆದಿತ್ತು. ಆ ಭರವಸೆಯ ಮೇಲೆ ನಾರ್ತ್ ಶೋರ್, ಬಾಂಬೆ ಬೀಚ್‌ನಂಥ ಊರುಗಳು ಕಳೆಗಟ್ಟಿದವು. ಇಂದು ನೀರು ಕಡಲಿಗಿಂತ ಉಪ್ಪು; ಮೀನುಗಳು ಬಹುಪಾಲು ಅಳಿದಿವೆ; ದಡ ಹಿಂದೆ ಸರಿದಲ್ಲೆಲ್ಲ ಆರ್ಸೆನಿಕ್ ಬೆರೆತ ಧೂಳು ಏಳುತ್ತದೆ. ಅದನ್ನು ಉಸಿರಾಡುವವರು ಮೆಕ್ಕಾ, ನೈಲ್ಯಾಂಡ್ ಊರುಗಳ ಕೃಷಿಕೂಲಿಗಳು, ಅವರ ಉಬ್ಬಸದ ಮಕ್ಕಳು, ಮತ್ತು ಅಂದಿನ ನೆರೆಯಲ್ಲಿ ನೆಲ ಕಳೆದುಕೊಂಡ ಟಾರೆಸ್ ಮಾರ್ಟಿನೆಜ್ ಮೂಲನಿವಾಸಿಗಳು. ನೀರು ಬಂದಾಗಲೂ ಹೋದಾಗಲೂ ನಷ್ಟ ಅವರದೇ.

ನೀರಿನ ಮಿತವ್ಯಯ ತಪ್ಪೇ ಎಂದು ಕೇಳುವವರಿದ್ದಾರೆ. ತಪ್ಪಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಪೋಲೆಂದು ಬರೆದ ನೀರೇ ಸರೋವರದ ಜೀವನಾಧಾರವಾಗಿತ್ತು. ಉಳಿತಾಯದ ಲಾಭ ನಗರಕ್ಕೆ, ಧೂಳು ಹಳ್ಳಿಗೆ ಎಂಬ ಹಂಚಿಕೆಯನ್ನು ಮಿತವ್ಯಯ ಎನ್ನಲಾಗದು. ಮುಂಬಯಿ ಕನ್ನಡಿಗರಿಗೆ ಈ ಹಂಚಿಕೆ ಅಪರಿಚಿತವಲ್ಲ: ಶಹಾಪುರ ತಾಲೂಕಿನ ಅಣೆಕಟ್ಟುಗಳ ನೀರು ನಮ್ಮ ನಲ್ಲಿಗಳಿಗೆ ಬರುತ್ತದೆ, ಬೇಸಿಗೆಯಲ್ಲಿ ಅಲ್ಲಿನ ಪಾಡಾಗಳಿಗೆ ಟ್ಯಾಂಕರ್ ಹೋಗುತ್ತದೆ.

ತುಂಬಿದ ಸರೋವರಕ್ಕೆ ಪ್ರವೇಶಶುಲ್ಕ ಪಡೆದ ಸರ್ಕಾರ ಬತ್ತಿದ ತಳಕ್ಕೂ ಉತ್ತರದಾಯಿ. ಬಯಲಾದ ನೆಲವನ್ನು ಜೌಗು ಮಾಡಿ, ಗಿಡ ಬೆಳೆಸಿ, ಧೂಳು ಏಳದಂತೆ ಹಿಡಿದಿಡಬೇಕು. ಅದರ ವೆಚ್ಚದಲ್ಲಿ ನೀರು ಕುಡಿಯುವ ನಗರದ ಪಾಲೂ ಇರಬೇಕು. ಮುಂದಿನ ಒಪ್ಪಂದದ ಮೇಜಿನಲ್ಲಿ ಮೆಕ್ಕಾದ ಕೂಲಿಕಾರರಿಗೂ ಒಂದು ಕುರ್ಚಿ ಬೇಕು.